ಆಷಾಢದಲ್ಲಿ ನೋಡಿದ ಛತ್ರ

ಹಾಸನದ ಆ ಕಲ್ಯಾಣ ಮಂಟಪಕ್ಕೆ ನಾನು ಬರೆದುಕೊಟ್ಟ ವರದಿಯಲ್ಲಿ ಹದಿನಾಲ್ಕು ಸಲಹೆಗಳಿದ್ದವು. ಒಂಬತ್ತನೆಯದು ಎಲ್ಲಕ್ಕಿಂತ ಚಿಕ್ಕದು. ನೆಲಮಾಳಿಗೆಯ ಜನರೇಟರ್ ಕೋಣೆಯ ಎಕ್ಸಾಸ್ಟ್ ಫ್ಯಾನ್ ಹಗಲೂ ರಾತ್ರಿ ತಿರುಗುತ್ತದೆ, ಅದಕ್ಕೆ ಸ್ವಿಚ್ಚೇ ಇಲ್ಲ, ಜನರೇಟರ್ ನಿಂತಿರುವಾಗಲೂ ಓಡುವ ಇದರಿಂದ ದಿನಕ್ಕೆ ಆರು ಯೂನಿಟ್ ಪೋಲು, ತೆಗೆಸತಕ್ಕದ್ದು. ಇಷ್ಟು ಬರೆದು, ಕೆಳಗೆ ಗೆರೆ ಎಳೆದು, ಹತ್ತನೆಯದಕ್ಕೆ ಹೋಗಿದ್ದೆ.

ದೊಡ್ಡ ಕಟ್ಟಡಗಳಲ್ಲಿ ಕರೆಂಟು ಎಲ್ಲಿ ವ್ಯರ್ಥವಾಗುತ್ತದೆ ಎಂದು ಅಳೆದು ಹೇಳುವುದು ನನ್ನ ಕೆಲಸ. ಮನೆ ಹೊಳೆನರಸೀಪುರದಲ್ಲಿ, ಕಂಪನಿ ಮೈಸೂರಿನಲ್ಲಿ. ಹಾಸನದ ಸುತ್ತಿನ ಹಾಸ್ಟೆಲ್ಲು, ಆಸ್ಪತ್ರೆ, ಛತ್ರಗಳು ನನ್ನ ಪಾಲಿಗೆ ಬಿದ್ದಿದ್ದವು. ಅದು ಎರಡು ಸಾವಿರದ ಮೂರನೇ ಇಸವಿ. ಮಳೆ ಕೈಕೊಟ್ಟು, ದಿನಕ್ಕೆ ಎರಡು ಮೂರು ಸಲ ಲೋಡ್ ಶೆಡ್ಡಿಂಗ್ ನಡೆಯುತ್ತಿದ್ದ ಕಾಲ. ಹಾಗಾಗಿ ನನಗೆ ಪುರುಸೊತ್ತಿರಲಿಲ್ಲ. ಎನರ್ಜಿ ಆಡಿಟ್ ಅನ್ನುವುದು ಯಾರ ಬಾಯಿಗೂ ಹತ್ತದೆ ‘ಕರೆಂಟ್ ಲೆಕ್ಕದ ಮೇಡಂ’ ಎಂದೇ ನನ್ನ ಹೆಸರಾಗಿತ್ತು.

ಆ ಛತ್ರವನ್ನು ನೋಡಿದ್ದು ಆಷಾಢದಲ್ಲಿ. ಮದುವೆಗಳಿಲ್ಲದ ತಿಂಗಳು, ಕಟ್ಟಡ ಖಾಲಿ ಇರುತ್ತದೆ, ಅಳತೆಗೆ ಸುಲಭ ಎಂದು ನಾನೇ ಆರಿಸಿಕೊಂಡಿದ್ದೆ. ಮ್ಯಾನೇಜರ್ ವೆಂಕಟರಾಮಯ್ಯನವರು ಬೀಗದ ಗೊಂಚಲು ಹಿಡಿದು ಒಂದೊಂದೇ ಕೋಣೆ ತೆಗೆದು ತೋರಿಸಿದರು. ನೆಲಮಾಳಿಗೆಯಲ್ಲಿ ಜನರೇಟರ್ ಕೋಣೆಗೆ ಅಂಟಿಕೊಂಡಂತೆ ಇನ್ನೊಂದು ಕೋಣೆ. ನಡುವಿನ ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಗಾಳಿಕಿಂಡಿಗಳು. ಒಳಗೆ ಏನೂ ಇರಲಿಲ್ಲ. ‘ಸ್ಟೋರ್, ಬಳಕೆಯಿಲ್ಲ’ ಎಂದು ಬರೆದುಕೊಂಡೆ.

“ಈ ಫ್ಯಾನಿಗೆ ಸ್ವಿಚ್ ಯಾಕಿಲ್ಲ ಸಾರ್?”

“ಅದು ಕೆಂಪಣ್ಣನ ವೈರಿಂಗು. ಅವನನ್ನೇ ಕೇಳ್ಬೇಕು. ಈಗ ಹಳೇಕೋಟೆಗೆ ಹೋಗಿದಾನೆ, ರಾಗಿ ಬಿತ್ತನೆಗೆ. ಆಷಾಢದಲ್ಲಿ ಅವನಿಗೇನು ಕೆಲಸ ಇಲ್ಲಿ?”

ಜನರೇಟರ್ ಓಡಿಸುವವನು ಊರಿಗೆ ಹೋಗಿದ್ದ. ಜನರೇಟರ್ ಓಡುತ್ತಿರಲಿಲ್ಲ. ನಾನು ಕೇಳದೆಯೇ ಬರೆದೆ.

ಶ್ರಾವಣ ಬಂತು. ನನ್ನ ಗಂಡ ಆತ್ರೇಯನ ಚಿಕ್ಕಪ್ಪನ ಮಗಳ ಮದುವೆ ಅದೇ ಛತ್ರದಲ್ಲಿ ಗೊತ್ತಾಯಿತು. ವರಪೂಜೆಯ ಸಂಜೆ ನಾವೆಲ್ಲ ಬಂದಿಳಿದಾಗ ವೆಂಕಟರಾಮಯ್ಯನವರು ನಮ್ಮತ್ತೆ ಗೋದಮ್ಮನವರ ಎದುರಿಗೇ ನನ್ನನ್ನು ಹೊಗಳಿದರು. “ನಿಮ್ಮ ಸೊಸೆ ಹೇಳಿದ ಹಾಗೇ ಆ ಫ್ಯಾನ್ ಕೀಳಿಸಿದ್ದಾಯ್ತು ಅಮ್ಮಾ. ಪಾರಿವಾಳ ಬರುತ್ತೆ ಅಂತ ಆ ತೂತಿಗೆ ಹಲಗೆ ಹೊಡೆಸಿಬಿಟ್ಟೆ.” ನಮ್ಮತ್ತೆಯ ಮುಖ ಅರಳಿತು. ನನಗೂ ಹಿತವಾಯಿತು.

ನೆಲಮಾಳಿಗೆಗೆ ಇಳಿದೆ. ನಾನು ‘ಬಳಕೆಯಿಲ್ಲ’ ಎಂದು ಬರೆದಿದ್ದ ಕೋಣೆ ಈಗ ಉಗ್ರಾಣವಾಗಿತ್ತು. ಗೋಡೆಯುದ್ದಕ್ಕೂ ತೆಂಗಿನಕಾಯಿ ಮೂಟೆ, ಬೆಲ್ಲದ ಅಚ್ಚು, ತುಪ್ಪದ ಡಬ್ಬಿ, ಬಿದಿರು ತಟ್ಟೆಗಳಲ್ಲಿ ಚಿರೋಟಿ. ನಮ್ಮ ಕಡೆ ಮದುವೆಗಳಲ್ಲಿ ಉಗ್ರಾಣಕ್ಕೊಬ್ಬರು ಹಿರಿಯರು ಕಾವಲು. ಕೀಲಿ ಅವರ ಸೊಂಟದಲ್ಲಿ. ಹೆಣ್ಣಿನ ತಾಯಿ ಹೇಳಿ ಕಳಿಸದೆ ಒಂದು ಚಮಚ ಸಕ್ಕರೆಯೂ ಹೊರಗೆ ಹೋಗುವುದಿಲ್ಲ. ಮುಹೂರ್ತದ ಹೊತ್ತಿಗೆ ಎಲ್ಲರೂ ಮೇಲೆ ಸೇರುವುದರಿಂದ ಕಳ್ಳತನಕ್ಕೆ ಅದೇ ಸಮಯ. ಆಗ ಮಾತ್ರ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಕೂರುತ್ತಾರೆ. ನಮ್ಮತ್ತೆ ಇಪ್ಪತ್ತು ವರ್ಷದಿಂದ ಮನೆತನದ ಎಲ್ಲ ಮದುವೆಗೂ ಈ ಕೆಲಸ ಮಾಡಿದವರು.

“ಏನೇ ಹಂಸ, ನಾಳೆ ಧಾರೆಗಾದ್ರೂ ಬರ್ತೀಯೋ, ಇಲ್ಲ ಅರಕಲಗೂಡಲ್ಲಿ ಬಲ್ಬ್ ಎಣಿಸ್ತಾ ಕೂತ್ಕೋತೀಯೋ?”

“ಮುಹೂರ್ತ ಹನ್ನೊಂದೂ ನಲವತ್ತಕ್ಕಲ್ವಾ ಅತ್ತೆ? ಅಷ್ಟೊತ್ತಿಗೆ ಬಂದಿರ್ತೀನಿ.”

“ಬಂದು ನನ್ನ ಪಾಲಿಂದೂ ನೋಡು. ಉಗ್ರಾಣದವಳಿಗೆ ಮುಹೂರ್ತ ನೋಡೋ ಯೋಗ ಇಲ್ಲ. ಗಟ್ಟಿಮೇಳ ಕೇಳಿದ್ರೆ ಇಲ್ಲಿಂದ್ಲೇ ನಾಲ್ಕು ಅಕ್ಷತೆ ಕಾಳು ಎಸೀತೀನಿ.”

ಮರುದಿನ ಬೆಳಗ್ಗೆ ಆರರ ಬಸ್ಸಿಗೆ ಹೊರಡುವ ಮುಂಚೆ ಮಗಳನ್ನು ನೋಡಲು ಕೆಳಗಿಳಿದೆ. ಮೈತ್ರೇಯಿಗೆ ಐದು ವರ್ಷ. ನೆಗಡಿಯಾಗಿ ಮೈ ಸ್ವಲ್ಪ ಬೆಚ್ಚಗಿತ್ತು. ಅಜ್ಜಿಯ ಪಕ್ಕ ಜಮಖಾನದ ಮೇಲೆ ಮಲಗಿದ್ದಳು. “ಮೇಲೆ ಓಲಗದ ಗಲಾಟೆ. ಇವಳು ಇಲ್ಲೇ ನನ್ನ ಜೊತೆ ಇರ್ಲಿ ಬಿಡು,” ಎಂದರು ನಮ್ಮತ್ತೆ. ಬಿಟ್ಟು ಹೊರಟೆ.

ಅರಕಲಗೂಡಿನ ಆ ಹಾಸ್ಟೆಲ್ಲಿನಲ್ಲಿ ಮೂರು ಮಹಡಿ ಮುಗಿಸಿ ಕೆಳಗಿನ ಜನರೇಟರ್ ಕೋಣೆಗೆ ಬಂದಾಗ ಹತ್ತೂವರೆ ದಾಟಿತ್ತು. ಅಲ್ಲಿನ ಎಲೆಕ್ಟ್ರಿಷಿಯನ್ ಶಶಿಕುಮಾರ ಜೊತೆಗಿದ್ದ. ಕೊಣನೂರಿನ ಕಡೆಯವನು, ಮಾತು ಕಡಿಮೆ. ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. ಜನರೇಟರ್ ನಿಂತಿತ್ತು. ನನ್ನ ಪೆನ್ನು ತಾನಾಗಿ ಕಾಗದದ ಮೇಲೆ ಹೋಯಿತು.

“ಅದ್ನ ಬರ್ಕೋಬ್ಯಾಡಿ ಮೇಡಂ,” ಎಂದ ಶಶಿಕುಮಾರ.

“ಯಾಕೆ? ದಿನವೆಲ್ಲ ಸುಮ್ನೆ ತಿರುಗ್ತಾ ಇದೆಯಲ್ಲ.”

“ತಿರುಗ್ಲಿ ಅಂತ್ಲೇ ಸ್ವಿಚ್ ಕಿತ್ತಾಕಿವ್ನಿ. ಸ್ವಿಚ್ ಇದ್ರೆ ಯಾರಾದ್ರೂ ಬುದ್ಧಿವಂತರು ಬಂದು ಆಫ್ ಮಾಡ್ತಾರೆ.”

ನಾನು ಪೆನ್ನು ಎತ್ತಿದೆ.

“ಓದ್ ವರ್ಸ ಈ ಫ್ಯಾನ್ ಸುಟ್ಟೋಗಿತ್ತು. ಒಂದಿನ ತಾನೆ ಅಂತ ಅಂಗೇ ಜನರೇಟರ್ ಓಡಿಸ್ಬುಟ್ಟೆ. ಪಕ್ಕದ್ ರೂಮಲ್ಲಿ ಬೆಕ್ಕು ಮರಿ ಆಕಿತ್ತು, ನಾಲ್ಕು. ಮುಕ್ಕಾಲು ಗಂಟೆ ಕಣ್ ಮೇಡಂ, ಜಾಸ್ತಿ ಇಲ್ಲ. ಓಗಿ ನೋಡಿದ್ರೆ ಮಲಗ್ದಂಗೇ ಮಲಗಿದ್ವು. ಒಂದೂ ಏಳ್ಲಿಲ್ಲ.”

“ಹೊಗೆ ತುಂಬಿತ್ತಾ?”

“ಒಗೆ ಕಂಡಿದ್ರೆ ನಾನೇ ಓಡೋಗ್ತಿರ್ಲಿಲ್ವಾ? ಏನೂ ಕಾಣ್ಲಿಲ್ಲ.”

ಆ ಗಾಳಿಯ ಹೆಸರು ನನಗೆ ಗೊತ್ತಿತ್ತು, ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದವರಿಗೆ ನಿದ್ದೆ ಬಂದಂತಾಗುತ್ತದೆ. ಡಿಪ್ಲೊಮಾ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಇದನ್ನು ಬರೆದಿದ್ದೆ. ಕೀಳಿಸಿದ ಫ್ಯಾನು, ಹಲಗೆ ಹೊಡೆದ ತೂತು, ಗೋಡೆಯ ಮೇಲಿನ ಗಾಳಿಕಿಂಡಿಗಳು, ಅದರ ಆಚೆ ಜಮಖಾನದ ಮೇಲೆ ನನ್ನ ಮಗಳು. ಫ್ಯಾನ್ ಇದ್ದಷ್ಟು ದಿನ ಅದು ಉಗ್ರಾಣದ ಗಾಳಿಯನ್ನೂ ಎಳೆದು ಹೊರಗೆ ತಳ್ಳುತ್ತಿತ್ತು. ಈಗ ಜನರೇಟರಿನ ಗಾಳಿ ಹೋಗಲು ಉಳಿದಿರುವುದು ಒಂದೇ ದಾರಿ.

ಹಾಸನ ಪಟ್ಟಣದಲ್ಲಿ ಆ ವಾರ ಹನ್ನೊಂದರಿಂದ ಒಂದರವರೆಗೆ ಕರೆಂಟು ತೆಗೆಯುತ್ತಿದ್ದರು. ಗಡಿಯಾರ ನೋಡಿದೆ. ಹತ್ತೂ ನಲವತ್ತೆರಡು.

ಎದುರಿನ ಎಸ್‌ಟಿಡಿ ಬೂತಿಗೆ ಓಡಿದೆ. ನಂಜಮ್ಮ ಎಂಬ ಹೆಂಗಸು ನಡೆಸುತ್ತಿದ್ದ ಬೂತು. ಹಾಸನದ ಮದುವೆ ಛತ್ರಕ್ಕೆ ಎಂದೆ. ಛತ್ರದ ಫೋನು ಮ್ಯಾನೇಜರ್ ಕೋಣೆಯಲ್ಲಿ ಮಾತ್ರ ಇತ್ತು. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಒತ್ತಿದೆ. ಮತ್ತೆ.

“ಮದ್ವೆ ಮನೇಲಿ ಫೋನ್ ಯಾರವ್ವ ಎತ್ತಾರು? ಎಲ್ರೂ ಧಾರೆ ತಾವ ಇರ್ತಾರೆ,” ಎಂದಳು ನಂಜಮ್ಮ. ನನ್ನ ಮುಖ ನೋಡಿದವಳು ದನಿ ಇಳಿಸಿದಳು. “ಏನಾಯ್ತು?”

“ನನ್ನ ಮಗು ಇದೆ ಅಲ್ಲಿ. ಯಾರಾದ್ರೂ ಎತ್ತಿದ್ರೆ ಉಗ್ರಾಣದ ಬಾಗಿಲು ತೆಗೀರಿ, ಜನರೇಟರ್ ನಿಲ್ಸಿ ಅಂತ ಹೇಳಿ. ಇಷ್ಟೇ ಹೇಳಿ.”

“ನೀವು ಓಗ್ರವ್ವ. ನಾ ಒತ್ತಾನೇ ಇರ್ತೀನಿ.”

ಶಶಿಕುಮಾರ ಅಷ್ಟರಲ್ಲಿ ತನ್ನ ಬೈಕು ಹೊರಗೆ ತಂದು ನಿಲ್ಲಿಸಿದ್ದ. “ಹಾಸನ,” ಎಂದು ಹತ್ತಿ ಕೂತೆ.

ಆ ದಾರಿಯನ್ನು ನಾನು ನೂರು ಸಲ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಕ್ರಮಿಸಿದ್ದೆ. ಅವತ್ತು ಪ್ರತಿ ಊರಿನಲ್ಲೂ ಒಂದನ್ನೇ ಹುಡುಕಿದೆ: ಕರೆಂಟಿದೆಯೇ? ಗೊರೂರಿಗೆ ಮುಂಚೆ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಓಡುವ ಸದ್ದು ಕೇಳಿಸಿತು. ಹನ್ನೊಂದೂ ಐದು. “ಶಶಿಕುಮಾರ್, ಇಲ್ಲಿ ಕರೆಂಟ್ ಇದೆ. ಹಾಸನದಲ್ಲೂ ತೆಗೆದಿಲ್ವೇನೋ.”

ಅವನು ತಿರುಗದೆ ಹೇಳಿದ. “ಹಳ್ಳಿ ಲೈನ್ ಬ್ಯಾರೆ, ಟೌನ್ ಲೈನ್ ಬ್ಯಾರೆ ಮೇಡಂ. ಇಲ್ ಐತೆ ಅಂದ್ರೆ ಅಲ್ಲಿ ಇಲ್ಲ ಅಂತ್ಲೇ.”

ಆಮೇಲೆ ನಾನು ಗಿರಣಿಗಳಿಗೆ ಕಿವಿಗೊಡಲಿಲ್ಲ. ಹೇಮಾವತಿಯ ಸೇತುವೆ ದಾಟಿದೆವು. ಒಂದು ಕಡೆ ಕುರಿಮಂದೆ ಅಡ್ಡ ಬಂತು. ಕುರಿ ಕಾಯುವವನು ನಿಧಾನವಾಗಿ ಒಂದೊಂದನ್ನೇ ದಾಟಿಸಿದ. ನಾನು ಎಣಿಸಿದೆ, ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮೂವತ್ತೊಂದು ಕುರಿ. ಮುಕ್ಕಾಲು ಗಂಟೆ, ಮುಕ್ಕಾಲು ಗಂಟೆ ಎಂದು ತಲೆಯೊಳಗೆ ಬಡಿಯುತ್ತಿತ್ತು. ಬೆಕ್ಕಿನ ಮರಿಗೂ ಐದು ವರ್ಷದ ಮಗುವಿಗೂ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಲು ಹೋಗಿ, ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಛತ್ರದ ಗೇಟಿನಲ್ಲೇ ಜನರೇಟರಿನ ಗುಡುಗು ಕೇಳಿಸಿತು. ಹನ್ನೊಂದೂ ನಲವತ್ತು ದಾಟಿ ಮೂರು ನಿಮಿಷ. ಮೇಲೆ ಗಟ್ಟಿಮೇಳ ಶುರುವಾಯಿತು. ಓಲಗ, ಡೋಲು, ಮೈಕಿನಲ್ಲಿ ಮಂತ್ರ. ಬೀಗ ಹಾಕಿದ ಮ್ಯಾನೇಜರ್ ಕೋಣೆಯೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ನಂಜಮ್ಮ ಬಿಟ್ಟಿರಲಿಲ್ಲ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಅರವತ್ತರ ಗಂಡಸೊಬ್ಬ ಟವೆಲನ್ನು ಹಣೆಗೆ ಬಿಗಿದುಕೊಂಡು ಕೂತಿದ್ದ. ಕೆಂಪಣ್ಣ. ಅವನನ್ನು ಅದೇ ಮೊದಲು ನೋಡಿದ್ದು.

“ಜನರೇಟರ್ ನಿಲ್ಸು.”

“ಮೂರ್ತದಾಗಾ? ನನ್ ಕೆಲ್ಸ ತೆಗೀತಾರೆ ಕಣವ್ವ.”

ನಾನು ಅವನನ್ನು ದಾಟಿ ಇಳಿದು ಉಗ್ರಾಣದ ಬಾಗಿಲು ಬಡಿದೆ. “ಅತ್ತೆ. ಅತ್ತೆ, ನಾನು ಹಂಸ. ಅಗುಳಿ ತೆಗೀರಿ.” ಬಾಗಿಲಿಗೆ ಕಿವಿಯಿಟ್ಟೆ. ಡೋಲು, ಜನರೇಟರು. ಒಳಗಿನಿಂದ ಏನೂ ಇಲ್ಲ. “ಮೈತ್ರಿ. ಪುಟ್ಟಾ.” ಏನೂ ಇಲ್ಲ.

ಕೆಂಪಣ್ಣ ಹಿಂದೆಯೇ ಬಂದಿದ್ದ. “ಬೆಳಗ್ಗೇನೇ ಯೋಳ್ದೆ ಕಣವ್ವ ಆ ಅಮ್ಮಾವ್ರಿಗೆ, ಬಾಗಲು ತಕ್ಕೊಂಡೇ ಕೂತ್ಕಳಿ ಅಂತ. ನಿನ್ನ ಕಣ್ಣು ತುಪ್ಪದ ಡಬ್ಬಿ ಮ್ಯಾಲೆ ಅಂದ್ರು. ಮೊದ್ಲೆಲ್ಲ ಮಿಷನ್ ಪಕ್ಕದಾಗೇ ಕೂತಿರ್ತಿದ್ದೆ, ಇವತ್ತು ತಲೆ ಸಿಡ್ದು ಆಚೆ ಬಂದೆ. ನೆನ್ನೆ ಊರಿಂದ ಬಂದು ನೋಡಿದ್ರೆ ಫ್ಯಾನೇ ಇಲ್ಲ. ಪೈಪಿನ ಜಾಯಿಂಟು ಲೀಕು, ಅದ್ಕೇ ನಾ ಆ ಫ್ಯಾನ್ ಆಕಿದ್ದು. ಯಾವನೋ ಇಂಜಿನಿಯರ್ ಬ್ಯಾಡ ಅಂತ ಬರ್ದವ್ನಂತೆ. ಆ ನನ್ಮಗ ಕೈಗೆ ಸಿಕ್ರೆ...”

“ಬರೆದದ್ದು ನಾನೇ ಕೆಂಪಣ್ಣ.”

ಅವನು ನನ್ನನ್ನು ನೋಡಿದ. ಓಡಿಹೋಗಿ ಜನರೇಟರ್ ನಿಲ್ಲಿಸಿದ.

ಇಡೀ ಕಟ್ಟಡದ ದೀಪ ಹೋಯಿತು. ಮೈಕು ಅರ್ಧ ಮಂತ್ರಕ್ಕೆ ನಿಂತಿತು. ಓಲಗ ಮಾತ್ರ ಕತ್ತಲಲ್ಲೇ ಮುಂದುವರಿಯಿತು. ಶಶಿಕುಮಾರ ಜನರೇಟರ್ ಕೋಣೆಯಿಂದ ಹಾರೆ ತಂದ. ಇಬ್ಬರೂ ಸೇರಿ ಬಾಗಿಲಿನ ಸಂದಿಗೆ ಕೊಟ್ಟು ಎತ್ತಿದರು. ಮೂರನೇ ಸಲಕ್ಕೆ ಅಗುಳಿ ಕಿತ್ತು ಬಂತು.

ಅಡಿಗೆಯವರ ಸೌದೆ ಹೊಗೆಯ ವಾಸನೆ, ತುಪ್ಪದ ವಾಸನೆ, ಸ್ವಲ್ಪ ಡೀಸೆಲ್ಲು. ಮದುವೆಮನೆಯಲ್ಲಿ ಯಾರಿಗೂ ಅನುಮಾನ ಬರುವಂಥದ್ದೇನಿಲ್ಲ. ಶಶಿಕುಮಾರನ ಟಾರ್ಚಿನ ಬೆಳಕಿನಲ್ಲಿ ನಮ್ಮತ್ತೆ ತೆಂಗಿನಕಾಯಿ ಮೂಟೆಗೆ ಒರಗಿ ಕೂತಿದ್ದರು, ತಲೆ ಎದೆಯ ಮೇಲೆ ಬಿದ್ದಿತ್ತು. ಒಂದು ಕೈ ಸೊಂಟದ ಕೀಲಿಯ ಮೇಲೆ. ಇನ್ನೊಂದು ಮುಷ್ಟಿಯಲ್ಲಿ ಅಕ್ಷತೆ. ಅವರ ತೊಡೆಯ ಮೇಲೆ ಮೈತ್ರೇಯಿ. ಕೆನ್ನೆ ಕೆಂಪಗೆ, ಎಂದೂ ಇಲ್ಲದಷ್ಟು ಚೆನ್ನಾಗಿ ಕಾಣುತ್ತಿದ್ದಳು. ಆ ಗಾಳಿ ಕುಡಿದವರ ಮೈಬಣ್ಣ ಹೀಗೇ ಇರುತ್ತದೆ ಎಂದು ಓದಿದ್ದೆ.

ಎತ್ತಿಕೊಂಡೆ. ಕತ್ತು ಜೋತುಬಿತ್ತು. ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಎಂಜಲೆಲೆಗಳ ಪಕ್ಕ ನೆಲಕ್ಕೆ ಮಲಗಿಸಿ ಕೆನ್ನೆ ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಕೆಂಪಣ್ಣ ಮತ್ತು ಶಶಿಕುಮಾರ ನಮ್ಮತ್ತೆಯನ್ನು ಜಮಖಾನದ ಸಮೇತ ಹೊತ್ತು ತಂದರು. ಅವರ ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು. ಮಗುವಿನಿಂದ ಅದೂ ಇಲ್ಲ.

ವೆಂಕಟರಾಮಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಹಿಂದೆ ಗಂಡಿನ ಕಡೆಯವರು ಏಳೆಂಟು ಜನ. “ಕೆಂಪಣ್ಣ, ಧಾರೆ ಹೊತ್ತಲ್ಲಿ ಕತ್ತಲೆ ಮಾಡಿದ್ಯಲ್ಲೋ. ಅಪಶಕುನ ಅಂತ ಅಲ್ಲಿ ಬೀಗರು ಎದ್ದು ನಿಂತಿದಾರೆ. ಸ್ಟಾರ್ಟ್ ಮಾಡು ಮೊದ್ಲು.” ಆಮೇಲೆ ನೆಲದ ಮೇಲೆ ಮಲಗಿದ್ದವರನ್ನು ಕಂಡರು. ಹಿಂದಿನಿಂದ ಯಾರೋ, “ಚಿರೋಟಿ ತಿಂದು ಹೀಗಾಗಿರ್ಬೇಕು, ಎಲ್ಲಿ ಆ ಅಡಿಗೆ ಚನ್ನಪ್ಪ?” ಅಂದರು. ಇಬ್ಬರು ಒಲೆಯ ಕಡೆ ಹೊರಟೇ ಬಿಟ್ಟರು.

ನಾನು ತಲೆ ಎತ್ತಿದೆ. “ಚಿರೋಟಿ ಅಲ್ಲ. ಜನರೇಟರ್ ಗಾಳಿ. ಆ ಫ್ಯಾನ್ ತೆಗೀಬಾರ್ದಿತ್ತು. ತಪ್ಪು ಬರೆದದ್ದು ನಾನು.”

“ಆಯ್ತಮ್ಮ, ಅದನ್ನ ಆಮೇಲೆ ಮಾತಾಡೋಣ. ಇವರಿಬ್ಬರೂ ಹೊರಗೆ ಬಂದಾಯ್ತಲ್ಲ. ಈಗೊಂದು ಹತ್ತು ನಿಮಿಷ ಹಾಕಿಸ್ತೀನಿ...”

ಕೆಂಪಣ್ಣ ಜನರೇಟರಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. “ಆ ಹಲಗೆ ಒಡೆಯೋ ತಂಕ ಆಕಲ್ಲ ಸಾ. ಬೇಕಾದ್ರೆ ನನ್ನ ತೆಗ್ದಾಕಿ.”

ಆಗ ಮೈತ್ರೇಯಿ ಬಿಕ್ಕಿದಳು. ಒಮ್ಮೆ ಮೈ ಸೆಟೆದು, ಹಾಲು ಹಾಲಾಗಿ ನನ್ನ ಸೆರಗಿನ ಮೇಲೆ ವಾಂತಿ ಮಾಡಿಕೊಂಡಳು. ಕಣ್ಣು ತೆಗೆಯದೆ ಅಳತೊಡಗಿದಳು. ಅಷ್ಟು ಕರ್ಕಶವಾದ ಅಳು ನಾನು ಕೇಳಿಲ್ಲ. ನಿಲ್ಲಿಸಬೇಡ, ಅಳು, ಎಂದು ಅವಳ ಬೆನ್ನು ತಟ್ಟುತ್ತಲೇ ಇದ್ದೆ. ಆತ್ರೇಯ ಜನರನ್ನು ತಳ್ಳಿಕೊಂಡು ಬಂದು ತನ್ನಮ್ಮನ ಪಕ್ಕ ಕುಸಿದ. ಧಾರೆ ಎಣ್ಣೆ ದೀಪದಲ್ಲಿ ಮುಗಿಯಿತಂತೆ. ನಮ್ಮಿಬ್ಬರಲ್ಲಿ ಯಾರೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಮೈತ್ರೇಯಿ ಸಂಜೆಯ ಹೊತ್ತಿಗೆ ಚಿರೋಟಿ ಕೇಳಿದಳು. ನಮ್ಮತ್ತೆ ಕಣ್ಣು ಬಿಟ್ಟದ್ದು ಮಾರನೇ ದಿನ ಬೆಳಗ್ಗೆ ಹತ್ತರ ಹೊತ್ತಿಗೆ. ಮೊದಲು ಸೊಂಟ ತಡಕಿಕೊಂಡರು.

“ಉಗ್ರಾಣ ಯಾರ ಕೈಲಿದೆ?”

“ಮದುವೆ ಮುಗೀತು ಅತ್ತೆ.” ನಾನು ಅವರ ಮಂಚದ ತುದಿಯಲ್ಲಿ ಕೂತೆ. ಬೇರೆಯವರ ಬಾಯಿಂದ ಕೇಳುವ ಮುಂಚೆ ಹೇಳಬೇಕಿತ್ತು. “ಆ ಫ್ಯಾನ್ ತೆಗೆಸಿದ್ದು ನಾನು. ಅದರಿಂದಲೇ ಇಷ್ಟೆಲ್ಲ ಆದದ್ದು.”

“ಯಾವಾಗ ಹೋಗಿ ನೋಡಿದ್ದೆ ಆ ಛತ್ರಾನ?”

“ಆಷಾಢದಲ್ಲಿ.”

“ಆಷಾಢದಲ್ಲಿ ಛತ್ರ ನೋಡಿದ್ರೆ ಏನೇ ಕಾಣುತ್ತೆ?” ದನಿಯಲ್ಲಿ ಸಿಟ್ಟಿರಲಿಲ್ಲ, ನಿತ್ರಾಣವಿತ್ತು. ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದರು. “ಆ ತಿಂಗಳು ಇನ್ನೆಲ್ಲೆಲ್ಲಿ ನೋಡಿದ್ದೆ?”

ಚನ್ನರಾಯಪಟ್ಟಣದ ಛತ್ರ. ಅದೇ ತಿಂಗಳು, ಮುಂದಿನ ವಾರ. ಅಲ್ಲೂ ನೆಲಮಾಳಿಗೆ. ಹಾಸನದ ವರದಿಯನ್ನೇ ಮುಂದಿಟ್ಟುಕೊಂಡು ಬರೆದಿದ್ದೆ. ಒಂಬತ್ತನೇ ಸಲಹೆಯನ್ನು ಒಂದಕ್ಷರ ಬದಲಿಸದೆ ಇಳಿಸಿಕೊಂಡಿದ್ದೆ. ಅಂಚೆಗೆ ಹಾಕಿ ಹತ್ತು ದಿನವಾಗಿತ್ತು. ಇವತ್ತೂ ಮುಹೂರ್ತವಿತ್ತು.

ಆಸ್ಪತ್ರೆಯ ಬಾಗಿಲಲ್ಲಿದ್ದ ಕಾಯಿನ್ ಬಾಕ್ಸಿಗೆ ಓಡಿ ಆ ಛತ್ರದ ನಂಬರು ಒತ್ತಿದೆ. ನಾಲ್ಕನೇ ರಿಂಗಿಗೆ ಯಾರೋ ಎತ್ತಿದರು. ಹಿಂದೆ ಓಲಗ.

“ಯಾರು? ನಾನು ದೇವಯ್ಯ, ಮ್ಯಾನೇಜರ್. ಓ, ಕರೆಂಟ್ ಲೆಕ್ಕದ ಮೇಡಮ್ಮೋರಾ? ಏಳಿ ಮೇಡಂ.”

“ನಾನು ಕಳಿಸಿದ ವರದಿ ಬಂತಾ?”

“ಬಂದದೆ ಬಂದದೆ. ಏನೋ ದೊಡ್ಡ ಕವರು.”

“ಅದರಲ್ಲಿ ಬರೆದಿರೋದೇನಾದ್ರೂ ಮಾಡಿಸಿದ್ರಾ? ಕೆಳಗಡೆ ಜನರೇಟರ್ ರೂಮಿನ ಫ್ಯಾನ್ ಇದೆಯಲ್ಲ, ಅದು ತಿರುಗ್ತಾ ಇದೆಯಾ? ದಯವಿಟ್ಟು ಹೋಗಿ ನೋಡ್ಕೊಂಡು ಬನ್ನಿ. ಈಗ್ಲೇ.”

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಚಪ್ಪಲಿ ದೂರ ಹೋದ ಸದ್ದು. ನಾನು ಒಂದೊಂದೇ ನಾಣ್ಯ ಹಾಕುತ್ತ ಕಾದೆ. ಆಚೆ ಕಡೆ ಮಕ್ಕಳು ಓಡಾಡುತ್ತಿದ್ದವು, ಯಾರೋ ಯಾರನ್ನೋ ಊಟಕ್ಕೆ ಕರೆಯುತ್ತಿದ್ದರು. ಅಂಗೈಯಲ್ಲಿ ಒಂದೇ ನಾಣ್ಯ ಉಳಿಯಿತು. ಅದನ್ನೂ ಹಾಕಿದೆ.

“ಅಲೋ, ಮೇಡಂ. ತಿರುಗ್ತಾ ಅದೆ. ಯಾಕೆ, ನಿಲ್ಲಿಸ್ಬೇಕಾ?”

“ಬೇಡ, ಬೇಡ. ತಿರುಗ್ಲಿ ಬಿಡಿ. ವರದಿ ಓದಿದ್ರಾ?”

“ಬೈಬ್ಯಾಡಿ ಮೇಡಂ, ಆ ಕವರು ಇನ್ನೂ ಒಡ್ದಿಲ್ಲ. ಶ್ರಾವಣ ಅಲ್ವಾ, ಉಸಿರಾಡಕ್ಕೂ ಪುರುಸೊತ್ತಿಲ್ಲ. ಇವತ್ತೇ ಒಡೀತೀನಿ.”

“ಒಡೀಬೇಡಿ. ಹಾಗೇ ಇಟ್ಟಿರಿ, ನಾನೇ ಬಂದು ವಾಪಸ್ ತಗೋತೀನಿ,” ಎಂದೆ. “ನಾನು ಬಂದಾಗ ನಿಮ್ಮ ಜನರೇಟರ್ ಓಡಿಸೋರು ಅಲ್ಲೇ ಇರ್ಬೇಕು. ಅವರ ಹೆಸರೇನು?”